ಹರಿಯದ ಪಟ್ಟಿ

ಮಕ್ತುಮಸಾಬನ ಅಂಗಡಿಗೆ ಬೋರ್ಡು ಇರಲಿಲ್ಲ.

ಮೋಟೆಬೆನ್ನೂರಿನಲ್ಲಿ ಹೆದ್ದಾರಿಯಿಂದ ಬ್ಯಾಡಗಿ ರಸ್ತೆ ಒಡೆಯುವ ಕಡೆ ಒಂದು ಬೇವಿನ ಮರ, ಅದರ ಕೆಳಗೆ ತಗಡಿನ ಶೆಡ್ಡು. ಒಳಗೆ ಒಂದು ವೆಲ್ಡಿಂಗ್ ಮಷಿನ್ನು, ಒಂದು ಡ್ರಿಲ್ಲು, ಒಂದು ಕುಲುಮೆ. ಇಪ್ಪತ್ತಾರು ವರ್ಷದಿಂದ ಅವನು ಅಲ್ಲೇ ಕೂತು ಟ್ರಾಲಿಯ ಕೊಂಡಿ, ರಂಟೆಯ ಕುಳ, ಬೋರಿನ ಕ್ಲ್ಯಾಂಪು, ಬಾಗಿಲ ಚಿಲಕ ಎಲ್ಲ ಮಾಡಿದ್ದ. ಅಂಗಡಿ ಕೇಳಿದವರಿಗೆ ಊರವರು ಬೇವಿನ ಮರ ತೋರಿಸುತ್ತಿದ್ದರು, ಅಷ್ಟು ಸಾಕಾಗಿತ್ತು. ಬೆಸುಗೆ ಬಿಟ್ಟಿತು ಎಂದು ಇಷ್ಟು ವರ್ಷಗಳಲ್ಲಿ ಒಬ್ಬನೂ ವಾಪಸ್ ಬಂದಿರಲಿಲ್ಲ.

ಅದಕ್ಕೆ ಕಾರಣವಿತ್ತು. ಮೂರು ಟನ್ನು ಹೇರುತ್ತೇನೆ ಎನ್ನುವ ರೈತ ಹೊಲಕ್ಕೆ ಹೋದಮೇಲೆ ಆರು ಟನ್ನು ಹೇರುತ್ತಾನೆ, ಮೇಲೆ ನಾಲ್ಕು ಆಳುಗಳನ್ನೂ ಕೂರಿಸುತ್ತಾನೆ. ಮಕ್ತುಮಸಾಬ ಇದನ್ನು ಕಸುಬಿಗೆ ಕೂತ ಮೊದಲ ವರ್ಷದಲ್ಲೇ ಕಲಿತಿದ್ದ. ಹಾಗಾಗಿ ಯಾರು ಎಷ್ಟು ಹೇಳಿದರೂ ಅವನು ಅದರ ಎರಡು ಪಟ್ಟು ಗಟ್ಟಿ ಮಾಡುತ್ತಿದ್ದ. "ನೀವು ಹೇಳಿದಷ್ಟ ಮಾಡೇನ್ರಿ" ಎಂದು ಕೈಗೆ ಕೊಡುತ್ತಿದ್ದ. ಹೆಚ್ಚು ಮಾಡಿದ್ದೇನೆ ಎಂದು ಹೇಳಿದರೆ ರೈತ ಅದಕ್ಕೂ ಹೆಚ್ಚು ಹೇರುತ್ತಾನೆ. ಆದ್ದರಿಂದ ಮಾಡುವುದು ಒಂದು, ಹೇಳುವುದು ಒಂದು. ಅದು ಸುಳ್ಳು ಎಂದು ಅವನಿಗೆ ಎಂದೂ ಅನಿಸಿರಲಿಲ್ಲ. ಅದೂ ಕೆಲಸದ ಒಂದು ಭಾಗವಾಗಿತ್ತು.

ಕಾರ್ಗಿಲ್ ಯುದ್ಧ ಮುಗಿದು ಮೂರು ವರ್ಷವಾಗಿತ್ತು. ಕಾಲೇಜುಗಳಲ್ಲಿ ಇನ್ನೂ ದೇಶಭಕ್ತಿಯ ಭಾಷಣದ ಗುಂಗು ಇಳಿದಿರಲಿಲ್ಲ. ಆಗ ರಾಣೆಬೆನ್ನೂರಿನ ಹಾಲೇಶಪ್ಪ ವಾಯುಪಡೆಯಿಂದ ನಿವೃತ್ತನಾಗಿ ಊರಿಗೆ ಬಂದ. ಯುದ್ಧದ ದಿನಗಳನ್ನು ಉತ್ತರದ ಒಂದು ನೆಲೆಯಲ್ಲಿ ವಿಮಾನ ರಿಪೇರಿ ಮಾಡುತ್ತ ಕಳೆದವನು. ಅದರ ಬಗ್ಗೆ ಕೇಳಿದರೆ "ನಟ್ ಬಿಗಿದೆ, ಬೋಲ್ಟ್ ಬಿಚ್ಚಿದೆ" ಎಂದು ಮುಗಿಸುತ್ತಿದ್ದ. ಊರಿಗೆ ಬಂದ ಆರು ತಿಂಗಳಿಗೆ ಎಲ್ಲಿಂದಲೋ ಒಂದು ಹಳೆಯ ಗ್ಲೈಡರ್ ತಂದ. ಎಂಜಿನ್ ಇಲ್ಲದ ವಿಮಾನ. ಮರದ ಮೈ, ಮೇಲೆ ಬಟ್ಟೆ, ಮುಂದೊಬ್ಬ ಹಿಂದೊಬ್ಬ ಕೂರುವಂತೆ ಎರಡು ಸೀಟು. ಮೋಟೆಬೆನ್ನೂರಿನ ಆಚೆ ಖಾಲಿ ಬಿದ್ದಿದ್ದ ಗೋಮಾಳದಲ್ಲಿ ಕಲ್ಲು ಆರಿಸಿ, ಗ್ಲೈಡರ್ ಏರಿ ಇಳಿಯಲು ಒಂದು ಪಟ್ಟೆ ಸಮ ಮಾಡಿಸಿದ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹನ್ನೆರಡು ಕಾಲೇಜು ಹುಡುಗರನ್ನು ಕಲೆಹಾಕಿ ಭಾನುವಾರಕ್ಕೊಮ್ಮೆ ಹಾರುವುದನ್ನು ಕಲಿಸತೊಡಗಿದ.

ಗೋಮಾಳದ ಒಂದು ತುದಿಯಲ್ಲಿ ಹಳೆಯ ಲಾರಿ ಎಂಜಿನ್ನಿಗೆ ಕೂರಿಸಿದ ದೊಡ್ಡ ಉರುಳೆ ಇತ್ತು. ಬಾವಿಯದ್ದನ್ನು ನೋಡಿ ಗೊತ್ತಿದ್ದ ಊರವರು ಅದನ್ನೂ ರಾಟಿ ಎಂದರು. ಅದರಿಂದ ಹೊರಟ ಉಕ್ಕಿನ ತಂತಿ ಅರ್ಧ ಮೈಲು ದೂರದ ಇನ್ನೊಂದು ತುದಿಯಲ್ಲಿ ಗ್ಲೈಡರಿನ ಹೊಟ್ಟೆಯ ಕೊಕ್ಕೆಗೆ ಸಿಕ್ಕಿಕೊಳ್ಳುತ್ತಿತ್ತು. ರಾಟಿ ತಂತಿಯನ್ನು ಸುತ್ತಿಕೊಂಡಂತೆ ಗ್ಲೈಡರ್ ಗಾಳಿಪಟದ ಹಾಗೆ ಮೇಲೇರುತ್ತಿತ್ತು. ಸಾಕಷ್ಟು ಮೇಲೆ ಹೋದಮೇಲೆ ಒಳಗಿದ್ದವರು ಹಿಡಿಕೆ ಎಳೆದು ತಂತಿ ಬಿಡುತ್ತಿದ್ದರು. ರಾಟಿ ನಡೆಸುತ್ತಿದ್ದವನು ಮೊದಲು ಲಾರಿ ಓಡಿಸುತ್ತಿದ್ದ ಕೊಟ್ರೇಶ.

ತಂತಿಗೂ ಗ್ಲೈಡರಿಗೂ ನಡುವೆ ಬೆರಳುದ್ದದ ಒಂದು ಉಕ್ಕಿನ ಪಟ್ಟಿ ಇರುತ್ತಿತ್ತು, ಮಧ್ಯದಲ್ಲಿ ಒಂದು ತೂತು. ಗ್ಲೈಡರ್ ಜತೆ ಬಂದಿದ್ದ ಪಟ್ಟಿಗಳು ಮುಗಿಯುತ್ತ ಬಂದಾಗ ಹಾಲೇಶಪ್ಪ ಉಳಿದ ಒಂದನ್ನು ಹಿಡಿದು ಬೇವಿನ ಮರದ ಕೆಳಗೆ ಬಂದ.

"ಮಕ್ತುಮ, ಇಂಥಾವ ಹತ್ತು ಬೇಕು. ದಪ್ಪ ಅಷ್ಟ, ಅಗಲ ಅಷ್ಟ, ತೂತು ಅಷ್ಟ. ಒಂದ ಕೂದಲ ಎಳಿ ಹೆಚ್ಚುಕಮ್ಮಿ ಆಗಬಾರದು."

"ಇದೇನ್ ದೊಡ್ಡ ಕೆಲಸರಿ ಸಾಹೇಬ್ರ. ಎಷ್ಟ ಭಾರಕ್ಕ?"

"ಎಂಟು ಕ್ವಿಂಟಲ್."

ಮಕ್ತುಮಸಾಬ ಸಾದಾ ತಗಡಿನಲ್ಲಿ ಅದೇ ಅಳತೆಗೆ ಹತ್ತು ಪಟ್ಟಿ ಮಾಡಿದ. ಹಾಲೇಶಪ್ಪ ಮಾರ್ಕೆಟ್ಟಿನಿಂದ ಡಯಲ್ ಇದ್ದ ತೂಕದ ಕಾಂಟಾ ತಂದು, ಒಂದು ಪಟ್ಟಿಯನ್ನು ಬೇವಿನ ಮರಕ್ಕೂ ನಿಂತ ಲಾರಿಗೂ ನಡುವೆ ಚೈನ್ ಪುಲಿ ಹಾಕಿ ಎಳೆಸಿದ. ಮುಳ್ಳು ಎಂಟನ್ನು ದಾಟುತ್ತಲೇ ಪಟ್ಟಿ ಟಪ್ಪೆಂದು ತೂತಿನ ಬಳಿ ಹರಿಯಿತು. ಮಕ್ತುಮಸಾಬನ ಮುಖ ಸಣ್ಣದಾಯಿತು. ಹಾಲೇಶಪ್ಪ ಅವನ ಬೆನ್ನಿಗೆ ಗುದ್ದಿದ.

"ಭೇಷ್! ಎಂಟು ಅಂದ್ರ ಎಂಟು."

ಎಂಟರ ತನಕ ತಡೆಯಿತಲ್ಲ ಎಂದು ಸಾಹೇಬರು ಮೆಚ್ಚಿದರು ಎಂದುಕೊಂಡ ಮಕ್ತುಮಸಾಬ. ತನ್ನ ಕಸುಬಿನಲ್ಲಿ ಅದಕ್ಕೆ ಇನ್ನೊಂದು ಅರ್ಥವಿರಲಿಲ್ಲ.

ಜನವರಿಯ ಒಂದು ಭಾನುವಾರ ಮಧ್ಯಾಹ್ನ ಆ ಹುಡುಗಿ ಬಂದಳು. ಬ್ಯಾಡಗಿಯ ಶ್ರೀದೇವಿ, ಡಿಗ್ರಿ ಎರಡನೇ ವರ್ಷ. ರಾಣೆಬೆನ್ನೂರಿನ ಕಾಲೇಜಿಗೆ ಇದೇ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡುವವಳು. ಹನ್ನೆರಡು ಜನರಲ್ಲಿ ಹುಡುಗಿ ಅವಳೊಬ್ಬಳೇ. ತಂದೆ ಇಲ್ಲ, ತಾಯಿ ಸಿದ್ದವ್ವ ಮೆಣಸಿನಕಾಯಿ ವಖಾರದಲ್ಲಿ ತೊಟ್ಟು ಬಿಡಿಸುತ್ತಾಳೆ. ಅವಳು ಮುಷ್ಟಿ ಬಿಚ್ಚಿ ಹರಿದ ಪಟ್ಟಿಯ ಆರು ತುಂಡುಗಳನ್ನು ಕಲ್ಲಿನ ಮೇಲೆ ಸುರಿದಳು.

"ತಗೋರಿ ಕಾಕಾ, ನಿಮ್ಮ ಸಾಮಾನ. ಮುಂಜಾನಿಂದ ಮೂರು ಹರಿದ್ವು."

"ಮೂರಾ?"

"ಮೂರು. ನಾ ಮ್ಯಾಲ ಹೋಗೂದ್ರಾಗ ಟಪ್. ಮತ್ತ ಇಳಿ. ಮತ್ತ ಪಾಳಿ ಹಚ್ಚು. ನಮ್ಮ ಹುಡುಗ್ರು ನಿಮಗ ಏನಂತಾರ ಗೊತ್ತೈತೇನು? ಹಪ್ಪಳದ ಸಾಬ ಅಂತಾರ."

ಚಹಾ ಕುಡಿಯುತ್ತ ಕೂತಿದ್ದ ಇಬ್ಬರು ಟ್ರ್ಯಾಕ್ಟರಿನವರು ಗೊಳ್ಳೆಂದು ನಕ್ಕರು. ಒಬ್ಬ, "ಯಾಕೋ ಸಾಬಣ್ಣಾ, ನಮ್ಮ ಟ್ರಾಲಿ ಕೊಂಡೀನೂ ಹಪ್ಪಳಾನ ಏನ?" ಎಂದ. ಮಕ್ತುಮಸಾಬ ನಗಲಿಲ್ಲ. ತುಂಡುಗಳನ್ನು ಒಂದೊಂದಾಗಿ ಎತ್ತಿ ಹರಿದ ಅಂಚನ್ನು ಹೆಬ್ಬೆರಳಿನಿಂದ ಸವರಿದ.

"ನೀವು ಎಳದದ್ದ ಹೆಚ್ಚಾಗೇದ. ಕೊಟ್ರೇಶ ಹುಚ್ಚರಂಗ ಎಕ್ಸಲೇಟರ್ ಒತ್ತತಾನ."

"ಅವನ ಒತ್ತಲಿ, ಗಾಳಿನ ಎಳೀಲಿ, ತಡಿಯೂದು ನಿಮ್ಮ ಪಟ್ಟೀದು ಹೌದಲ್ಲೋ? ಗಟ್ಟಿ ಮಾಡಿಕೊಡ್ರಿ ಕಾಕಾ. ಇನ್ನ ಹದಿನಾರ ಸಲ ಹಾರಿದ್ರ ಸರ್ ನನ್ನ ಒಬ್ಬಾಕಿನ್ನ ಬಿಡ್ತಾರ."

"ಒಬ್ಬಾಕಿನ್ನ? ಹಿಂದ ಯಾರೂ ಇಲ್ದ?"

"ಯಾರೂ ಇಲ್ದ."

"ನಿಮ್ಮವ್ವಗ ಹೇಳೀದಿ ಏನ?"

"ಹೇಳೇನಿ. ಅಕಿ ಮೊದಲ ಕಂಪ್ಯೂಟರ್ ಕಲಿ ಅಂತಾಳ." ಶ್ರೀದೇವಿ ದುಪಟ್ಟಾ ಸೊಂಟಕ್ಕೆ ಸುತ್ತಿಕೊಂಡು ಬಸ್ಸಿಗೆ ಓಡಿದಳು.

ಸಂಜೆ ಹಾಲೇಶಪ್ಪನೇ ಬಂದ. ಮಕ್ತುಮಸಾಬ ತಾನಾಗಿಯೇ ಮಾತು ತೆಗೆದ. "ಮೂರು ಹರಿದ್ವಂತ. ನನಗ ಭಾಳ ಕೆಟ್ಟ ಅನಿಸ್ತರಿ."

"ಏ, ಹರೀಬೇಕಾದಾಗ ಹರಿದಾವ. ನೀ ತಲಿ ಕೆಡಿಸ್ಕೋಬ್ಯಾಡ. ಇನ್ನ ಹತ್ತು ಮಾಡು."

ಸಾಹೇಬರು ಮನಸ್ಸು ನೋಯಬಾರದೆಂದು ಹೀಗೆ ಹೇಳುತ್ತಿದ್ದಾರೆ ಎಂದು ಮಕ್ತುಮಸಾಬನಿಗೆ ಅನಿಸಿತು. ಅವರ ದೊಡ್ಡ ಗುಣ. ಬೇರೆ ಗಿರಾಕಿಯಾಗಿದ್ದರೆ ತುಂಡುಗಳನ್ನು ಮುಖಕ್ಕೆ ಎಸೆಯುತ್ತಿದ್ದ.

ಮರುದಿನ ಅವನು ಹಳೆಯ ಲಾರಿಯ ಕಮಾನು ಪಟ್ಟಿಯೊಂದನ್ನು ಮೂಲೆಯಿಂದ ಎಳೆದ. ಹದ ಇರುವ ಉಕ್ಕು, ಲಾರಿಯ ಭಾರವನ್ನು ಇಪ್ಪತ್ತು ವರ್ಷ ಹೊತ್ತಿದ್ದು. ಅದನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ಒಂದು ದಿನ ತಣಿಯಲು ಬಿಟ್ಟ. ಮೆತ್ತಗಾದಮೇಲೆ ಬಡಿದು ತೆಳ್ಳಗೆ ಮಾಡಿ, ಅದೇ ಅಳತೆಗೆ ಕತ್ತರಿಸಿ, ಅದೇ ಅಳತೆಯ ತೂತು ಕೊರೆದ. ಆಮೇಲೆ ಮತ್ತೆ ಕಾಯಿಸಿ ಸುಟ್ಟ ಎಂಜಿನ್ ಆಯಿಲಿನಲ್ಲಿ ಅದ್ದಿ ಹದ ಕೊಟ್ಟ. ಎರಡು ದಿನದ ಕೆಲಸ. ಮರಳು ಕಾಗದದಿಂದ ತಿಕ್ಕಿದಮೇಲೆ ಹಳೆಯ ಪಟ್ಟಿಗೂ ಹೊಸ ಪಟ್ಟಿಗೂ ಕಣ್ಣಿಗೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಎಂಟು ಕ್ವಿಂಟಲ್ ಏನು, ಇಪ್ಪತ್ತು ನೇತು ಹಾಕಿದರೂ ಅದು ಅಲುಗುತ್ತಿರಲಿಲ್ಲ.

ಹಾಲೇಶಪ್ಪ ಅವನ್ನು ಅಂಗೈಯಲ್ಲಿ ಆಡಿಸಿ ನೋಡಿದ.

"ಅದ ತಗಡ ಹೌದಲ್ಲೋ?"

"ಅದ ರೀ."

"ಕಾಂಟಾ ತರೂದೇನು?"

"ತರೂದಿದ್ರ ತರ್ರಿ. ಅದ ತಗಡು, ಅದ ತೂತು."

ಹಾಲೇಶಪ್ಪ ಕಾಂಟಾ ತರಲಿಲ್ಲ.

ಅದಾದಮೇಲೆ ಏಳು ಭಾನುವಾರ ಒಂದು ಪಟ್ಟಿಯೂ ಹರಿಯಲಿಲ್ಲ. ಹುಡುಗರು ಒಂದೇ ದಿನಕ್ಕೆ ಹದಿನೈದು, ಹದಿನೆಂಟು ಸಲ ಹಾರಿದರು. ಶ್ರೀದೇವಿ ಬಸ್ಸಿನ ಕಿಟಕಿಯಿಂದಲೇ "ಕಾಕಾ, ಹಪ್ಪಳ ಅಲ್ರಿ ಈಗ, ಕಬ್ಬಿಣದ ಕಡ್ಲಿ!" ಎಂದು ಕೂಗಿ ಹೋದಳು. ಟ್ರ್ಯಾಕ್ಟರಿನವರೂ ಕೇಳಿಸಿಕೊಂಡರು. ಮಕ್ತುಮಸಾಬ ಆ ದಿನ ಚಹಾದ ಜತೆ ಎಲ್ಲರಿಗೂ ಮಿರ್ಚಿ ಭಜಿ ತರಿಸಿದ. ಕೊಟ್ರೇಶ ಮಾತ್ರ ಒಮ್ಮೆ, "ಸರ್ ಕೇಳಾಕತ್ತಿದ್ರು, ಒಂದೂ ಯಾಕ ಹರಿದಿಲ್ಲ ಅಂತ. ಮುಂದಿನ ವಾರ ಕಾಂಟಾ ತಂದು ನೋಡ್ತೀನಿ ಅಂದಾರ" ಎಂದ. ಮಕ್ತುಮಸಾಬ "ತರಲಿ ಬಿಡು" ಎಂದ. ಇಪ್ಪತ್ತಕ್ಕೂ ತಡೆಯುವುದನ್ನು ಅವರು ಕಣ್ಣಾರೆ ನೋಡಿ ಏನನ್ನುತ್ತಾರೋ ಎಂದು ಅವನಿಗೆ ಒಳಗೊಳಗೇ ಆಸೆಯಿತ್ತು.

ಆ ಮುಂದಿನ ವಾರ ಮಾರ್ಚ್ ತಿಂಗಳ ಕೊನೆಯ ಭಾನುವಾರ. ಶ್ರೀದೇವಿ ಅವನನ್ನು ಕರೆದಿದ್ದಳು. "ಇವತ್ತ ಸರ್ ಜೋಡಿ ಎರಡ ಸಲ, ಆಮ್ಯಾಲ ಒಬ್ಬಾಕೀನ. ಬರ್ರಿ ಕಾಕಾ. ನೀವರ ಒಬ್ರು ನನ್ನ ಕಡಿಯಾವ್ರು ಅಂತ ಇರ್ತೀರಿ." ಅವನು ಒಗೆದ ಅಂಗಿ ಹಾಕಿಕೊಂಡು ಹೋಗಿದ್ದ.

ಹತ್ತು ಗಂಟೆಗೇ ನೆಲ ಕಾದಿತ್ತು. ಸುತ್ತಲಿನ ಹೊಲಗಳಲ್ಲಿ ಬೆಳೆ ಎದ್ದುಹೋಗಿ ಬರಿ ಎರೆಮಣ್ಣು. ಅಲ್ಲಲ್ಲಿ ಸುಳಿಗಾಳಿ ಎದ್ದು ಒಣ ಎಲೆ, ರವದಿ ತಿರುಗಿಸಿ ಮಲಗುತ್ತಿತ್ತು. ಹಾಲೇಶಪ್ಪ ಆಕಾಶ ನೋಡಿ, "ಲಗೂ ಮುಗಸೂಣು, ಬಿಸಲ ಏರಿದ್ರ ಆಗೂದಿಲ್ಲ" ಎಂದ. ಕಾಂಟಾ ತರುವುದು ಮರೆತಿತ್ತೋ, ಮುಂದಕ್ಕೆ ಹಾಕಿದ್ದನೋ, ಯಾರೂ ಕೇಳಲಿಲ್ಲ. ಮೊದಲ ಹಾರಾಟ ಸರಿಯಾಗಿ ಆಯಿತು. ಇಳಿದಮೇಲೆ ಶ್ರೀದೇವಿ ಮುಂದಿನ ಸೀಟಿನಿಂದಲೇ ಮಕ್ತುಮಸಾಬನ ಕಡೆ ಕೈ ಬೀಸಿದಳು. ಎರಡನೇ ಸಲ ತಂತಿ ಸಿಕ್ಕಿಸಿದರು. ಒಬ್ಬ ಹುಡುಗ ಬಾವುಟ ಬೀಸಿದ. ಆ ತುದಿಯಲ್ಲಿ ರಾಟಿ ಗುಡುಗಿತು.

ಗ್ಲೈಡರ್ ಹತ್ತಾಳು ಎತ್ತರ ಏರಿ ಮೂಗು ಎತ್ತಿಕೊಂಡು ಇನ್ನೂ ಏರುತ್ತಿತ್ತು. ಆಗ ಪಕ್ಕದ ಹೊಲದಿಂದ ಸುಳಿಗಾಳಿ ಎದ್ದಿತು. ಈ ಸಲದ್ದು ದೊಡ್ಡದು. ಕರಿ ಮಣ್ಣಿನ ಕಂಬದಂತೆ ತಿರುಗುತ್ತ ಪಟ್ಟೆಯ ಮೇಲೆ ಬಂದು ಗ್ಲೈಡರಿನ ಕೆಳಗೆ ನಿಂತಿತು. ಗ್ಲೈಡರ್ ಕೆಳಗಿನಿಂದ ಒದ್ದಂತೆ ಮೇಲೆ ಹಾರಿತು. ತಂತಿ ಬಿಗಿದು ಕಿರ್ರೆಂದಿತು. ಕೊಟ್ರೇಶ ಎಂಜಿನ್ ಇಳಿಸುವುದಕ್ಕೆ, ಹಾಲೇಶಪ್ಪ ಹಿಡಿಕೆ ಎಳೆಯುವುದಕ್ಕೆ, ಎರಡಕ್ಕೂ ಎರಡು ಕ್ಷಣ ಬೇಕಿತ್ತು. ಅಷ್ಟು ಹೊತ್ತು ಇರಲಿಲ್ಲ. ಅಂಥ ಹೊತ್ತಿನಲ್ಲಿ, ಎಳೆತ ಎಂಟು ದಾಟಿದೊಡನೆ ಹರಿದು ಗ್ಲೈಡರನ್ನು ಬಿಟ್ಟುಬಿಡಲೆಂದೇ ಇದ್ದದ್ದು ಪಟ್ಟಿ. ಅದು ಹರಿಯಲಿಲ್ಲ. ಎಡಗಡೆಯ ರೆಕ್ಕೆ ಬುಡದಲ್ಲಿ ಮುರಿದು ಮೇಲಕ್ಕೆ ಮಡಚಿತು. ಉಳಿದದ್ದು ಒಂದು ಸುತ್ತು ತಿರುಗಿ ತಲೆಕೆಳಗಾಗಿ ನೆಲಕ್ಕೆ ಬಂತು.

ಎಲ್ಲರೂ ಓಡಿದರು. ಮಕ್ತುಮಸಾಬನೂ ಓಡಿದ. ಮರದ ಚೂರು, ಹರಿದ ಬಟ್ಟೆ ಎಳೆದು ಹಾಕಿದರು. ಹಾಲೇಶಪ್ಪನ ಜೀವ ಹೋಗಿತ್ತು. ಶ್ರೀದೇವಿಗೆ ಉಸಿರಿತ್ತು. ಜೀಪಿನಲ್ಲಿ ಬ್ಯಾಡಗಿ ಮುಟ್ಟುವ ಮೊದಲೇ ಅದೂ ನಿಂತಿತೆಂದು ಆಮೇಲೆ ತಿಳಿಯಿತು.

ಜೀಪು ಹೋಯಿತು. ಹುಡುಗರು ಅಲ್ಲಲ್ಲಿ ಕುಕ್ಕರಿಸಿ ಅಳುತ್ತಿದ್ದರು. ಮಕ್ತುಮಸಾಬ ತಂತಿಯ ಜಾಡು ಹಿಡಿದು ನಡೆದ. ಗ್ಲೈಡರ್ ತಿರುಗಿದಾಗ ಕೊಕ್ಕೆಯಿಂದ ಕಳಚಿಕೊಂಡ ತಂತಿಯ ತುದಿ ಮೂವತ್ತು ಹೆಜ್ಜೆ ಆಚೆ ಒಣಹುಲ್ಲಿನಲ್ಲಿ ಬಿದ್ದಿತ್ತು. ಪಟ್ಟಿ ಅದರಲ್ಲೇ ಇತ್ತು, ಇಡಿಯಾಗಿ. ತೂತು ಗುಂಡಗೇ ಇತ್ತು, ಕೂದಲೆಳೆಯಷ್ಟೂ ಹಿಗ್ಗಿರಲಿಲ್ಲ.

ಎಂಟು ಅಂದರೆ ಎಂಟು ಎಂದು ಹಾಲೇಶಪ್ಪ ಖುಷಿಪಟ್ಟದ್ದು ಏಕೆಂದು ಅವನಿಗೆ ಆಗ ಅರ್ಥವಾಯಿತು. ಅವನು ಅತ್ತಿತ್ತ ನೋಡಿದ. ಬೋಲ್ಟು ಬಿಚ್ಚಿ ಪಟ್ಟಿಯನ್ನು ಒಗೆದ ಅಂಗಿಯ ಜೇಬಿಗೆ ಹಾಕಿಕೊಂಡ. ಹೆದರಿಕೆಗೆ ಹಾಗೆ ಮಾಡಿದ, ಬೇರೇನೂ ಅಲ್ಲ.

ಪೊಲೀಸರು ಪಂಚನಾಮೆ ಮಾಡಿದರು. ತಂತಿ ಇತ್ತು, ಪಟ್ಟಿ ಇರಲಿಲ್ಲ. ಪಟ್ಟಿ ಹರಿದು ಎಲ್ಲೋ ಬಿದ್ದಿದೆ ಎಂದು ಬರೆದರು. ಬೆಂಗಳೂರಿನಿಂದ ಬಂದ ವಿಚಾರಣಾಧಿಕಾರಿ ಅದನ್ನೇ ಹಿಡಿದು ಲೆಕ್ಕ ಹಾಕಿದ. ಪಟ್ಟಿ ಹರಿದಿದೆ, ಅಂದರೆ ಗ್ಲೈಡರ್ ಬಿಡುಗಡೆಯಾಗಿದೆ. ಮೂಗು ತಗ್ಗಿಸಿ ನೇರ ಇಳಿಯಬೇಕಿತ್ತು. ಗ್ಲೈಡರ್ ನಡೆಸುವ ಕೋಲು ಮುಂದಿನ ಸೀಟಿನ ಹುಡುಗಿಯ ಕೈಯಲ್ಲಿತ್ತು. ಅವಳು ಗಾಬರಿಯಾಗಿ ಜಗ್ಗಿದ್ದಾಳೆ, ರೆಕ್ಕೆ ಮುರಿದಿದೆ. ಪತ್ರಿಕೆಯಲ್ಲಿ "ವಿದ್ಯಾರ್ಥಿನಿಯ ಗಾಬರಿಗೆ ಇಬ್ಬರ ಬಲಿ" ಎಂದು ಬಂತು. ಟ್ರ್ಯಾಕ್ಟರಿನವರು ಬೇವಿನ ಮರದ ಕೆಳಗೆ ಅದನ್ನು ಓದಿದರು.

"ಹೆಣ್ಣಹುಡುಗೀನ್ನ ಯಾಕ ಹತ್ತಸಬೇಕಿತ್ತಪಾ ಆ ಮನುಷ್ಯಾ? ತಾನೂ ಹೋದ."

"ಸ್ಕೂಟಿ ಹೊಡಿಯಾಕ ಬರೂದಿಲ್ಲ ಇವಕ್ಕ."

ಮಕ್ತುಮಸಾಬ ಕುಲುಮೆಗೆ ಗಾಳಿ ಹಾಕುತ್ತ ಕೂತಿದ್ದ. ಬೆಂಕಿಯಲ್ಲಿ ಏನೂ ಇಟ್ಟಿರಲಿಲ್ಲ.

ಹೆಂಡತಿ ಜೈತೂನಬಿಗೆ ಮೂರನೇ ದಿನ ಹೇಳಿದ. ಅವಳು ಪಟ್ಟಿಯನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ.

"ಯಾರಿಗೆ ಹೇಳೀರಿ ಇನ್ನ?"

"ನಿನಗ ಒಬ್ಬಾಕಿಗೆ."

"ಇಲ್ಲಿಗೆ ಮುಗೀತು. ಬಾವಿಗೆ ಒಗದ ಬರ್ರಿ."

"ಆ ಹುಡುಗಿ ಹೆಸರಿಗೆ ಬರದಾರ ಜೈತೂ. ಅಕೀದು ಏನೂ ತಪ್ಪಿಲ್ಲ."

"ಅಕಿ ಸತ್ತಾಳ. ಸತ್ತಾಕಿಗೆ ಏನ್ ಮಾಡ್ತಾರ? ನೀವ್ ಬದಕೀರಿ. ಹೋದ ವರ್ಷ ನಮ್ಮ ಮಂದಿಗೆ ಏನೇನ್ ಆತು ಅಂತ ಪೇಪರ್‌ನ್ಯಾಗ ಬಂದದ್ದು ಮರತ್ರೇನು? ನೀವು ತಪ್ಪ ಆತು ಅಂತ ಹೇಳ್ತೀರಿ. ಮಂದಿ ಬೇಕಂತ ಮಾಡ್ಯಾನ ಅಂತಾರ. ಮಿಲಿಟ್ರಿ ಮನುಷ್ಯಾನ್ನ ಕೊಂದಾನ ಅಂತಾರ. ಎರಡೂ ಒಂದ ಅಲ್ಲ ಅಂತ ಯಾರ ಮುಂದ ಹೇಳ್ಕೋಂತ ಹೋಗೂದು?"

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಕ್ತುಮಸಾಬ ಬಾವಿಯ ತನಕ ಹೋದ. ನೀರು ಸೇದುತ್ತಿದ್ದ ಹೆಂಗಸರು ಇದ್ದರು. ವಾಪಸ್ ಬಂದ.

ಹತ್ತನೇ ದಿನ ಅವನು ಬ್ಯಾಡಗಿಗೆ ಹೋದ. ಹುಡುಗಿಯ ತಾಯಿಯನ್ನು ಮಾತಾಡಿಸಿ ಬರುತ್ತೇನೆ ಎಂದಷ್ಟೇ ಹೊರಟದ್ದು. ಊರೊಳಗೆ ಬಸ್ಸು ಇಳಿದರೆ ಗಾಳಿಯಲ್ಲೇ ಖಾರ, ಕಣ್ಣು ಉರಿಯಿತು. ಸಿದ್ದವ್ವ ಮನೆಯಲ್ಲೇ ಇದ್ದಳು. ಒಂದೇ ಖೋಲಿ. ಗೋಡೆಗೆ ಹುಡುಗಿಯ ಕಾಲೇಜು ಚೀಲ ನೇತಾಡುತ್ತಿತ್ತು.

"ಬರ್ರಿ ಅಣ್ಣಾರ, ಕುಂದ್ರಿ. ನೀವು ಮೋಟೆಬೆನ್ನೂರ ಸಾಬರ ಹೌದಲ್ರಿ? ಕಾಕಾ ಕಾಕಾ ಅಂತ ಭಾಳ ಹೇಳ್ತಿದ್ಲು."

ಅವಳು ಎದ್ದು ಒಲೆ ಹಚ್ಚಿದಳು. ಅವನು ಬೇಡವೆಂದರೂ ಚಹಾ ಮಾಡಿದಳು. ಬೆರಳುಗಳ ತುದಿ ಮೆಣಸಿನಕಾಯಿಯ ಕೆಂಪಿಗೆ ಕಲೆಗಟ್ಟಿದ್ದವು.

"ಕೆಲಸಕ್ಕ ಹೋಗಿಲ್ಲೇನು ತಂಗೀ?"

"ಹೋಗಿದ್ನಿರಿ ನಿನ್ನೆ. ಪಕ್ಕದಾಕಿ ಎದ್ದು ಆ ಮೂಲಿಗೆ ಹೋಗಿ ಕುಂತ್ಲು. ಹಾಲೇಶಪ್ಪಾರ ಕಡಿಯಾಕಿ ಅಕಿ. ಮೊನ್ನೆ ಅವರ ತಮ್ಮ ಬಾಗಲಿಗೆ ಬಂದು, ಯುದ್ಧದಾಗ ಉಳದ ಬಂದಾನ್ನ ನಿನ್ನ ಮಗಳು ತಿಂದ್ಲು ಅಂತ ಒದರಿದ. ಓಣಿ ಮಂದಿ ಎಲ್ಲಾ ನೋಡಿದ್ರು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಗುರುವಾರ ಹಾವೇರಿಗೆ ಬಾ ಅಂದಾರ. ಸಹಿ ಮಾಡಬೇಕಂತ. ಏನ್ ಬರದಾರೋ ಅದಕ್ಕ ಒಪ್ಪಿಗಿ ಅಂತ."

"ನೀ ಮಾಡ್ತಿ?"

"ಮಾಡದ ಏನ್ ಮಾಡ್ಲಿ? ನನಗೇನ ಗೊತ್ತೈತಿ ಅದರಾಗ? ಅಣ್ಣಾರ, ನೀವು ಅಲ್ಲೇ ಇದ್ರಂತಲ್ಲ. ಖರೇ ಹೇಳ್ರಿ. ಅಕಿ ಅಂಜಿದ್ಲೇನು?"

ಮಕ್ತುಮಸಾಬ ಬಸಿಯಲ್ಲಿದ್ದ ಚಹಾ ನೋಡಿದ. ಪಟ್ಟಿ ಜೇಬಿನಲ್ಲೇ ಇತ್ತು. ಅದರ ತೂಕ ನೂರು ಗ್ರಾಂ ಇರಬೇಕು, ಅಷ್ಟೇ.

"ಇಲ್ಲ. ಅಕಿ ಅಂಜಲಿಲ್ಲ."

"ನಿಮಗ ಹೆಂಗ ಗೊತ್ತು?"

"ಮೊದಲನೇ ಸಲ ಇಳದಾಗ ನೋಡೇನಿ. ನಗತಿದ್ಲು."

ಅದು ಉತ್ತರವಾಗಿರಲಿಲ್ಲ. ಸಿದ್ದವ್ವ ತಲೆಯಾಡಿಸಿದಳು. ಅವನು ಚಹಾ ಕುಡಿದು ಎದ್ದ. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ನಿಂತಮೇಲೆ ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು. ಮೋಟೆಬೆನ್ನೂರಿಗೆ ಹೋಗುವ ಎರಡು ಬಸ್ಸು ಬಿಟ್ಟ. ಮೂರನೆಯದನ್ನು ಹತ್ತಿದ.

ಗುರುವಾರ ಬೆಳಿಗ್ಗೆ ಅವನು ಹಾವೇರಿಗೆ ಹೊರಟಾಗ ಜೈತೂನಬಿ ಬಾಗಿಲಿಗೆ ಅಡ್ಡ ನಿಂತಳು.

"ಮಕ್ಕಳ ಮಾರಿ ನೋಡಿ ಹೋಗ್ರಿ."

"ನೋಡೇನಿ."

"ನೀವ್ ಹೇಳಿದ್ರ ಅಕಿ ಎದ್ದ ಬರ್ತಾಳೇನು?"

"ಇಲ್ಲ."

"ಮತ್ಯಾಕ?"

"ನಾ ಆ ಪಟ್ಟಿ ತಗೊಂಡ ಬರದಿದ್ರ ಅಕಿ ಹೆಸರು ಬರತಿರಲಿಲ್ಲ" ಎಂದಷ್ಟು ಹೇಳಿದ. ಜೈತೂನಬಿ ಪಕ್ಕಕ್ಕೆ ಸರಿದಳು. ಅವನಿಗೆ ಬುತ್ತಿ ಕಟ್ಟಿಕೊಡಲಿಲ್ಲ.

ಹಾವೇರಿಯ ಕಚೇರಿಯಲ್ಲಿ ಉದ್ದನೆಯ ಬೆಂಚು. ಒಂದು ಕಡೆ ಹಾಲೇಶಪ್ಪನ ಹೆಂಡತಿ ಮತ್ತು ತಮ್ಮ, ಇನ್ನೊಂದು ತುದಿಯಲ್ಲಿ ಸಿದ್ದವ್ವ ಒಬ್ಬಳೇ. ಕೊಟ್ರೇಶ ಗೋಡೆಗೆ ಒರಗಿ ನಿಂತಿದ್ದ. ಮಕ್ತುಮಸಾಬನನ್ನು ಯಾರೂ ಕರೆದಿರಲಿಲ್ಲ. ಜವಾನ ತಡೆದ. "ನಿಂದೇನ ಕೆಲಸಪಾ ಇಲ್ಲಿ?"

"ಪಟ್ಟಿ ಮಾಡಿದಾವ ನಾ. ಸಾಹೇಬ್ರಿಗೆ ಹೇಳು."

ಒಳಗೆ ಹೋದವನು ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟ. ವಿಚಾರಣಾಧಿಕಾರಿ ಕನ್ನಡಕ ಏರಿಸಿ ನೋಡಿದ. ತಿರುವಿ ತೂತಿನ ಅಂಚು ನೋಡಿದ.

"ಇದು ಎಲ್ಲಿ ಸಿಕ್ಕಿತು?"

"ತಂತಿ ತುದಿಯಾಗ ಇತ್ರಿ. ನಾ ಬಿಚ್ಚಿಕೊಂಡೆ."

"ಹರಿದಿಲ್ಲ."

"ಹರಿಯೂದಿಲ್ರಿ ಅದು. ಕಮಾನ ಪಟ್ಟೀದು. ಹರೀಬಾರದಂತ ನಾನ ಹಂಗ ಮಾಡೇನಿ."

ಬಾಗಿಲು ತೆರೆದೇ ಇತ್ತು. ಬೆಂಚಿನ ಮೇಲಿದ್ದವರಿಗೆ ಎಲ್ಲ ಕೇಳುತ್ತಿತ್ತು.

"ಹಾಲೇಶಪ್ಪನವರಿಗೆ ಹೇಳಿದ್ದೆಯಾ?"

"ಕೇಳಿದ್ರು. ಅದ ತಗಡೇನು ಅಂತ. ಹೂಂ ಅಂದೆ."

"ಯಾಕೆ?"

ಮಕ್ತುಮಸಾಬ ಇದನ್ನು ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ನೂರು ಸಲ ಯೋಚಿಸಿದ್ದ. "ನಮ್ಮ ಕೆಲಸದಾಗ ಹಂಗ ಅಂತೇವ್ರಿ" ಎಂದ.

ಹಾಲೇಶಪ್ಪನ ತಮ್ಮ ಒಳಗೆ ನುಗ್ಗಿ ಅವನ ಕೊರಳಪಟ್ಟಿ ಹಿಡಿದ. ಬೇಕೆಂದೇ ಮಾಡಿದ್ದು, ಯಾರು ಮಾಡಿಸಿದರು ಹೇಳು ಎಂದು ಕೂಗಿದ. ಜೈತೂನಬಿ ಹೇಳಿದ ಮಾತುಗಳೇ, ಹೆಚ್ಚು ಕಡಿಮೆ ಅದೇ ಸಾಲಿನಲ್ಲಿ ಬಂದವು. ಜವಾನ, ಕೊಟ್ರೇಶ ಸೇರಿ ಬಿಡಿಸಿದರು. ಕೊಟ್ರೇಶ ಏದುಸಿರು ಬಿಡುತ್ತ, "ಬೇಕಂತ ಮಾಡಿದಾವ ಇಲ್ಲಿಗ್ಯಾಕ ತರ್ತಾನೋ ಮಾರಾಯಾ" ಎಂದ. ಹಾಲೇಶಪ್ಪನ ಹೆಂಡತಿ ಕೂತಲ್ಲಿಂದ ಏಳಲಿಲ್ಲ. ಸೆರಗು ಬಾಯಿಗೆ ಇಟ್ಟುಕೊಂಡು ನೆಲ ನೋಡುತ್ತಿದ್ದಳು.

ಹೇಳಿಕೆ ಬರೆದುಕೊಳ್ಳಲು ಎರಡು ತಾಸು ಹಿಡಿಯಿತು. ನಿರ್ಲಕ್ಷ್ಯ, ಸಾಕ್ಷ್ಯ ಮುಚ್ಚಿಟ್ಟದ್ದು, ಎರಡಕ್ಕೂ ಕೇಸು ಆಗುತ್ತದೆ ಎಂದು ಅಧಿಕಾರಿ ಹೇಳಿದ. ಹುಡುಗಿಯ ಮೇಲೆ ಬರೆದದ್ದನ್ನು ಹೊಡೆದು ಹಾಕುತ್ತೇನೆ ಎಂದೂ ಹೇಳಿದ. ಪೊಲೀಸರು ಬರುವ ತನಕ ಹೊರಗೆ ಕೂತಿರಲು ಮಕ್ತುಮಸಾಬನಿಗೆ ಹೇಳಿದರು. ಬೆಂಚಿನಲ್ಲಿ ಸಿದ್ದವ್ವನ ಪಕ್ಕ ಮಾತ್ರ ಜಾಗವಿತ್ತು. ಅವನು ಕೂರಲಿಲ್ಲ.

ಸಿದ್ದವ್ವ ತಲೆ ಎತ್ತಿದಳು. ಅವಳ ಮುಖದಲ್ಲಿ ಅಳು ಇರಲಿಲ್ಲ.

"ಮೊನ್ನೆ ನನ್ನ ಮನ್ಯಾಗ ಕುಂತಾಗ ಅದು ನಿನ್ನ ಕಿಸೆದಾಗ ಇತ್ತೇನು?"

ಮೊನ್ನೆ ಅವಳು ಅಣ್ಣಾರ ಎಂದಿದ್ದಳು, ನೀವು ಎಂದಿದ್ದಳು.

"ಇತ್ತು ತಂಗೀ."

"ನಾ ಚಾ ಮಾಡಿ ಕೊಟ್ಟೆ."

"ಹೂಂ."

"ಅಕಿ ಅಂಜಲಿಲ್ಲ ಅಂದಿ. ಹೆಂಗ ಗೊತ್ತು ಅಂತ ಕೇಳಿದೆ. ಹೇಳಲಿಲ್ಲ."

ಅವಳು ಬೇರೆ ಕಡೆ ತಿರುಗಿದಳು. ಒಳಗಿನಿಂದ ಕರೆದರು. ಅವಳು ಹೋಗಿ ಹೊಸದಾಗಿ ಬರೆದ ಹಾಳೆಗೆ ಸಹಿ ಮಾಡುವ ಮೊದಲು, "ನನ್ನ ಮಗಳದ್ದು ತಪ್ಪಿಲ್ಲ ಅನ್ನೂದು ಇದರಾಗ ಐತೇನ್ರಿ? ಓದಿ ಹೇಳ್ರಿ" ಎಂದಳು. ಗುಮಾಸ್ತ ಓದಿದ. ಅವಳು ಇನ್ನೊಂದು ಸಲ ಓದಿಸಿದಳು. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಹೊರಗೆ ಬಂದವಳು ಹಾಲೇಶಪ್ಪನ ಹೆಂಡತಿಯ ಮುಂದೆ ಒಂದು ಗಳಿಗೆ ನಿಂತಳು. ಸಿದ್ದವ್ವ ಚಪ್ಪಲಿ ಮೆಟ್ಟಿಕೊಂಡು ಬ್ಯಾಡಗಿ ಬಸ್ಸು ನಿಲ್ಲುವ ಕಡೆ ಹೋದಳು.

ಗುಮಾಸ್ತ ಕೊನೆಯ ಹಾಳೆಯ ಖಾಲಿ ಜಾಗಗಳನ್ನು ತುಂಬುತ್ತ ಅಧಿಕಾರಿಗೆ ಗಟ್ಟಿಯಾಗಿ ಓದಿ ಒಪ್ಪಿಸಿದ. ಮೃತರು ಇಬ್ಬರು. ಹಾಲೇಶಪ್ಪ, ವಯಸ್ಸು ಐವತ್ತೊಂದು. ಶ್ರೀದೇವಿ, ವಯಸ್ಸು ಹತ್ತೊಂಬತ್ತು. ಗಾಯಗೊಂಡವರು ಇಲ್ಲ. ಗ್ಲೈಡರ್ ಒಂದು, ಪೂರ್ತಿ ನಾಶ.